ಹೊಟ್ಟೆಯ ತೊಂದರೆ, ದಿನನಿತ್ಯದ ಒತ್ತಡ: ಗಡಿನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಸರಗೋಡು ಜಿಲ್ಲೆಯ ಓದುಗರಿಂದ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆಂಗಸರ ಹೊಟ್ಟೆಯ ತೊಂದರೆಗೆ ಸಂಬಂಧಿಸಿದವು. ಒಬ್ಬೊಬ್ಬರ ತೊಂದರೆ ಒಂದೊಂದು ತರದ್ದಾದರೂ ಬಹುತೇಕ ಎಲ್ಲರಿಗೂ ಮನೆಯಲ್ಲೋ ಆಸ್ಪತ್ರೆಯಲ್ಲೋ ಸಿಕ್ಕಿದ ಉತ್ತರ ಒಂದೇ: "ಅದು ಟೆನ್ಶನ್, ಬೇರೇನೂ ಇಲ್ಲ." ಒತ್ತಡದಿಂದ ಹೊಟ್ಟೆ ಕೆಡುವುದು ನಿಜ. ಆದರೆ ಅದು ಹೇಗೆ ಕೆಡುತ್ತದೆ, ಕೆಟ್ಟದ್ದನ್ನು ಹೇಗೆ ಸರಿಪಡಿಸಬೇಕು, ಯಾವ ಲಕ್ಷಣಗಳಿದ್ದಾಗ ಒತ್ತಡವೆಂಬ ಕಾರಣವನ್ನು ಒಪ್ಪಲೇಬಾರದು ಎಂಬುದನ್ನು ಬಿಡಿಸಿ ಹೇಳದಿದ್ದರೆ ಆ ಮಾತಿನಿಂದ ರೋಗಿಗೆ ಪ್ರಯೋಜನವಿಲ್ಲ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಬದಿಯಡ್ಕ ಸಮೀಪದವಳು. ಉಪ್ಪಳದ ಕಡೆಯ ಒಂದು ಶಾಲೆಯ ಕನ್ನಡ ವಿಭಾಗದಲ್ಲಿ ದಿನವೇತನದ ಅಧ್ಯಾಪಿಕೆಯಾಗಿದ್ದೇನೆ. ಪಿಎಸ್‌ಸಿ ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿದ್ದರೂ ನೇಮಕಾತಿ ಆಗಿಲ್ಲ. ಶಾಲೆಯಿರುವ ದಿನ ಬೆಳಗ್ಗೆ ಹೊರಡುವ ಮೊದಲು ಹೊಟ್ಟೆ ಹಿಂಡಿದಂತಾಗಿ ಮೂರು ನಾಲ್ಕು ಸಲ ಶೌಚಕ್ಕೆ ಹೋಗಬೇಕಾಗುತ್ತದೆ. ಹೋದ ಮೇಲೆ ನೋವು ಇಳಿಯುತ್ತದೆ. ರಜೆಯಲ್ಲಿ ಅಷ್ಟಾಗಿ ತೊಂದರೆಯಿಲ್ಲ. ಒಂದು ವರ್ಷದಿಂದ ಹೀಗೆಯೇ ಇದೆ. ರಕ್ತಪರೀಕ್ಷೆ, ಮಲಪರೀಕ್ಷೆ, ಸ್ಕ್ಯಾನ್ ಯಾವುದರಲ್ಲೂ ದೋಷ ಕಂಡಿಲ್ಲ. ಕೆಲಸಕ್ಕೆ ಹೋಗಲು ಮನಸ್ಸಿಲ್ಲದವರಿಗೆ ಬರುವ ಹೊಟ್ಟೆನೋವು ಇದು ಎಂದು ಅತ್ತೆಯವರು ಹೇಳುತ್ತಾರೆ. ಇದು ನಿಜವಾಗಿಯೂ ಕಾಯಿಲೆಯೇ?

ಉತ್ತರ: ಹೌದು, ಇದು ಕಾಯಿಲೆ, ಇದಕ್ಕೆ ಹೆಸರೂ ಇದೆ, ಚಿಕಿತ್ಸೆಯೂ ಇದೆ. ನೀವು ವಿವರಿಸಿದ ಲಕ್ಷಣಗಳು ವೈದ್ಯರು ಐಬಿಎಸ್ ಎಂದು ಕರೆಯುವ, ಕರುಳಿನ ಅತಿಸೂಕ್ಷ್ಮತೆಯ ತೊಂದರೆಗೆ ಹೊಂದಿಕೆಯಾಗುತ್ತವೆ. ಇಂಥ ಕಾಯಿಲೆಯನ್ನು ಗುರುತಿಸಲು ವೈದ್ಯರು ಬಳಸುವ, 2016ರಲ್ಲಿ ಪ್ರಕಟವಾದ ರೋಮ್ ಮಾನದಂಡದ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ಆ ನೋವಿಗೆ ಮಲವಿಸರ್ಜನೆಯೊಂದಿಗೆ ಸಂಬಂಧವಿರುವುದು, ಶೌಚಕ್ಕೆ ಹೋಗುವ ಸಲಗಳು ಬದಲಾಗುವುದು, ಮಲದ ಹದ ಬದಲಾಗುವುದು ಎಂಬ ಮೂರರಲ್ಲಿ ಎರಡಾದರೂ ಇರಬೇಕು. ತೊಂದರೆ ಆರಂಭವಾಗಿ ಆರು ತಿಂಗಳಾದರೂ ಕಳೆದಿರಬೇಕು. ಬಹುತೇಕ ದೇಶಗಳಲ್ಲಿ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪರೀಕ್ಷೆಗಳಲ್ಲಿ ಏನೂ ಕಾಣಿಸದಿರುವುದಕ್ಕೆ ಕಾರಣವಿದೆ. ಸ್ಕ್ಯಾನ್ ಕರುಳಿನ ರಚನೆಯನ್ನು ತೋರಿಸುತ್ತದೆ, ಅದರ ವರ್ತನೆಯನ್ನು ತೋರಿಸುವುದಿಲ್ಲ. ನಿಮ್ಮ ಕರುಳಿನ ರಚನೆ ಸರಿಯಾಗಿಯೇ ಇದೆ, ಕೆಟ್ಟಿರುವುದು ಅದರ ಚಲನೆ ಮತ್ತು ನೋವನ್ನು ಗ್ರಹಿಸುವ ರೀತಿ.

ನಮ್ಮ ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕಿದ ನರಕೋಶಗಳಿವೆ. ಮಿದುಳನ್ನೂ ಹೊಟ್ಟೆಯನ್ನೂ ಜೋಡಿಸುವ ವೇಗಸ್ ನರದ ಹೆಚ್ಚಿನ ಎಳೆಗಳು ಕರುಳಿನ ಸುದ್ದಿಯನ್ನು ಮಿದುಳಿಗೆ ಒಯ್ಯುವುದಕ್ಕೇ ಇವೆ. ದೇಹದಲ್ಲಿರುವ ಸಿರೊಟೋನಿನ್ ಎಂಬ ರಾಸಾಯನಿಕದ ಶೇಕಡಾ 90ರಷ್ಟು ಕರುಳಿನಲ್ಲಿಯೇ ತಯಾರಾಗುತ್ತದೆ, ಅದೇ ಕರುಳಿನ ಚಲನೆಯನ್ನು ನಿಯಂತ್ರಿಸುತ್ತದೆ. ಆತಂಕವಾದಾಗ ಮಿದುಳಿನಲ್ಲಿ ಸ್ರವಿಸುವ ಒಂದು ಹಾರ್ಮೋನು ಜಠರವನ್ನು ನಿಧಾನಗೊಳಿಸಿ ದೊಡ್ಡ ಕರುಳನ್ನು ಚುರುಕುಗೊಳಿಸುತ್ತದೆ. ಒಂದೇ ಬೆಳಗ್ಗೆ ನಿಮಗೆ ತಿಂಡಿ ಬೇಡವೆನಿಸುವುದೂ ಮತ್ತೆ ಮತ್ತೆ ಶೌಚಕ್ಕೆ ಓಡಬೇಕಾಗುವುದೂ ಇದರಿಂದಲೇ. ದೊಡ್ಡ ಕರುಳು ಸಹಜವಾಗಿಯೇ ಎದ್ದ ಕೂಡಲೇ ಮತ್ತು ತಿಂಡಿ ತಿಂದ ಕೂಡಲೇ ಹೆಚ್ಚು ಚಲಿಸುವ ಅಂಗ. ಆ ಹೊತ್ತಿನಲ್ಲಿಯೇ ಕುಂಬಳೆಯಲ್ಲಿ ಎರಡನೆಯ ಬಸ್ಸು ತಪ್ಪಿದರೆ ಏನು ಗತಿ, ಬರುವ ತಿಂಗಳೂ ಈ ಕೆಲಸ ಇರುತ್ತದೆಯೇ ಎಂಬ ಚಿಂತೆಯೂ ಸೇರಿಕೊಂಡರೆ ಕರುಳಿಗೆ ಎರಡು ಕಡೆಯಿಂದ ಪ್ರಚೋದನೆ ಸಿಕ್ಕಂತಾಗುತ್ತದೆ.

ನಿಮ್ಮ ಅತ್ತೆಯವರಿಗೆ ಒಂದು ಹಳೆಯ ಸಂಗತಿಯನ್ನು ಓದಿ ಹೇಳಿ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಬಂದೂಕಿನ ಗುಂಡು ತಗಲಿತು. ಗಾಯ ಮಾಗಿದ ಮೇಲೂ ಜಠರಕ್ಕೆ ಒಂದು ರಂಧ್ರ ಉಳಿಯಿತು. ಅವನಿಗೆ ಚಿಕಿತ್ಸೆ ನೀಡಿದ ವೈದ್ಯ ವಿಲಿಯಂ ಬ್ಯೂಮಾಂಟ್ ಆ ರಂಧ್ರದ ಮೂಲಕ ಜೀರ್ಣಕ್ರಿಯೆಯನ್ನು ವರ್ಷಗಟ್ಟಲೆ ಕಣ್ಣಾರೆ ನೋಡಿ 1833ರಲ್ಲಿ ಪುಸ್ತಕ ಪ್ರಕಟಿಸಿದರು. ಸಿಟ್ಟು ಬಂದಾಗ ಜಠರದ ಒಳಪದರದ ಬಣ್ಣವೂ ರಸದ ಸ್ರಾವವೂ ಬದಲಾಗುವುದನ್ನು ಅವರು ದಾಖಲಿಸಿದ್ದಾರೆ. ಮನಸ್ಸಿನ ಕಳವಳ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದು ನಟನೆಯಲ್ಲ ಎಂಬುದಕ್ಕೆ ಸುಮಾರು ಇನ್ನೂರು ವರ್ಷಗಳಷ್ಟು ಹಿಂದಿನ ಸಾಕ್ಷಿ ಇದು.

ಇನ್ನು ಚಿಕಿತ್ಸೆ. ಮೊದಲು ನಿಮ್ಮ ವೈದ್ಯರಲ್ಲಿ ಥೈರಾಯ್ಡ್ ಪರೀಕ್ಷೆ ಮತ್ತು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಥೈರಾಯ್ಡ್ ಗ್ರಂಥಿ ಹೆಚ್ಚು ಕೆಲಸ ಮಾಡಿದರೂ ಹೀಗೆಯೇ ಭೇದಿಯಾಗಬಹುದು. ಎರಡನೆಯ ಪರೀಕ್ಷೆ ಕರುಳಿನ ಉರಿಯೂತವನ್ನು ಪತ್ತೆಹಚ್ಚುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, ಹತ್ತಿರದ ಸಂಬಂಧಿಕರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದ ಚರಿತ್ರೆ, ಇವುಗಳಲ್ಲಿ ಒಂದಿದ್ದರೂ ಈ ಉತ್ತರವನ್ನು ಬದಿಗಿಟ್ಟು ಉದರರೋಗ ತಜ್ಞರನ್ನು ಕಾಣಬೇಕು. ಇವು ಯಾವುವೂ ಇಲ್ಲವಾದರೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸುವುದನ್ನು ನಿಲ್ಲಿಸಿ. ಪ್ರತಿಯೊಂದು ಹೊಸ ಪರೀಕ್ಷೆಯೂ ಫಲಿತಾಂಶ ಬರುವವರೆಗೆ ಹೊಸ ಆತಂಕವನ್ನು ಕೊಡುತ್ತದೆ, ನಿಮ್ಮ ಕಾಯಿಲೆಗೆ ಅದೇ ಆಹಾರ.

ಬೆಳಗ್ಗೆ ಅರ್ಧ ಗಂಟೆ ಬೇಗ ಏಳಿ. ಖಾಲಿ ಹೊಟ್ಟೆಗೆ ಕಾಫಿ, ಕಟ್ಟಂಚಾಯ (ಹಾಲಿಲ್ಲದ ಚಹಾ) ಬೇಡ. ಕಾಫಿ ದೊಡ್ಡ ಕರುಳನ್ನು ನೇರವಾಗಿಯೇ ಪ್ರಚೋದಿಸುತ್ತದೆ. ಎದ್ದ ಮೇಲೆ ಹತ್ತು ನಿಮಿಷ ಬೆನ್ನು ನೆಟ್ಟಗೆ ಮಾಡಿ ಕುಳಿತು, ಒಂದು ಕೈಯನ್ನು ಹೊಕ್ಕುಳಿನ ಮೇಲೆ ಇಟ್ಟುಕೊಂಡು, ಕೈ ಮೇಲೇಳುವಂತೆ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡಿ. ಹೀಗೆ ವಪೆಯಿಂದ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ನಿಧಾನವಾಗಿ ಉಸಿರಾಡುವುದರಿಂದ ಹೊಟ್ಟೆಯನ್ನು ಶಾಂತಗೊಳಿಸುವ ನರವ್ಯೂಹ ಚುರುಕಾಗುತ್ತದೆ. ಒಂದೆರಡು ದಿನ ಮಾಡಿ ಫಲ ಕಾಣಲಿಲ್ಲವೆಂದು ಬಿಡಬೇಡಿ. ಕೆಲವು ವಾರ ದಿನಕ್ಕೆ ಎರಡು ಸಲ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಡಲೆ, ಹಲಸಿನ ಹಣ್ಣು ಮುಂತಾದವು ಕರುಳಿನಲ್ಲಿ ಹುದುಗಿ ವಾಯುವನ್ನೂ ನೀರನ್ನೂ ಹೆಚ್ಚಿಸುವುದರಿಂದ ಕೆಲವರಿಗೆ ಸಲ್ಲುವುದಿಲ್ಲ. ನಾಲ್ಕು ವಾರ ಇವುಗಳನ್ನು ಕಡಿಮೆ ಮಾಡಿ, ಆಮೇಲೆ ಒಂದೊಂದನ್ನಾಗಿ ತಿರುಗಿ ಸೇರಿಸಿ ಯಾವುದರಿಂದ ತೊಂದರೆ ಎಂದು ಕಂಡುಕೊಳ್ಳಿ. ಎಲ್ಲವನ್ನೂ ಜೀವನಪೂರ್ತಿ ಬಿಡುವುದು ತಪ್ಪು, ಪೋಷಣೆಯೇ ಕೆಡುತ್ತದೆ. ಕುಚ್ಚಿಲಕ್ಕಿ ಗಂಜಿ, ನೀರುದೋಸೆ, ತೊಂಡೆಕಾಯಿ ಪಲ್ಯ, ಬೆಳ್ಳುಳ್ಳಿ ಹಾಕದ ತೆಳು ಸಾರು ಹೆಚ್ಚಿನವರಿಗೆ ಹಿತ. ಪರೀಕ್ಷಾ ಕೆಲಸ, ಸಂದರ್ಶನ ಮುಂತಾದ ತಪ್ಪಿಸಲಾಗದ ದಿನಗಳಲ್ಲಿ ಹೊರಡುವ ಮೊದಲು ತೆಗೆದುಕೊಳ್ಳಲು ಭೇದಿ ತಡೆಯುವ ಲೋಪೆರಮೈಡ್ ಮಾತ್ರೆಯನ್ನು ವೈದ್ಯರು ಬರೆದುಕೊಡಬಹುದು. ಅದು ಚೀಲದಲ್ಲಿದೆ ಎಂಬ ಧೈರ್ಯದಿಂದಲೇ ಎಷ್ಟೋ ಮಂದಿಗೆ ಅರ್ಧ ತೊಂದರೆ ಇಳಿಯುವುದನ್ನು ನಾನು ಕಂಡಿದ್ದೇನೆ.

ನೇಮಕಾತಿಯ ಚಿಂತೆಗೆ ಮದ್ದಿಲ್ಲ ಎಂಬುದನ್ನು ಬಲ್ಲೆ. ಕನ್ನಡ ವಿಭಾಗದ ಹುದ್ದೆಗಾಗಿ ಕಾಯುತ್ತ ದಿನಗೂಲಿಯ ಲೆಕ್ಕದಲ್ಲಿ ಪಾಠ ಹೇಳುವವರ ಅನಿಶ್ಚಿತತೆ ನಿಮ್ಮೊಬ್ಬರ ದೌರ್ಬಲ್ಯವಲ್ಲ. ಆದರೆ ಕಾರಣ ಹೊರಗಿದ್ದರೂ ಅದಕ್ಕೆ ಕರುಳು ಕೊಡುವ ಪ್ರತಿಕ್ರಿಯೆಯನ್ನು ತಗ್ಗಿಸಲು ಸಾಧ್ಯವಿದೆ.

ಪ್ರಶ್ನೆ: ನನ್ನ ತಾಯಿಗೆ 56 ವರ್ಷ. ನಾಲ್ಕು ತಿಂಗಳಿಂದ ಹೊಟ್ಟೆಯುಬ್ಬರ. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿತು ಎನ್ನುತ್ತಾರೆ. ನನ್ನ ತಮ್ಮ ಗಲ್ಫಿನಲ್ಲಿ ಕೆಲಸ ಕಳೆದುಕೊಂಡ ಮೇಲೆ ಇದು ಶುರುವಾದ್ದರಿಂದ ಬೇಸರದಿಂದಲೇ ಆದದ್ದು ಎಂದು ಎಲ್ಲರೂ ಹೇಳುತ್ತಿದ್ದಾರೆ. ಯಾವ ಮನೆಮದ್ದು ಕೊಡಬಹುದು? (ಮಂಜೇಶ್ವರ)

ಉತ್ತರ: ಮನೆಮದ್ದು ಬೇಡ. ಇದೇ ವಾರ ತಾಯಿಯನ್ನು ಸ್ತ್ರೀರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋಗಿ. 50 ದಾಟಿದ ಹೆಂಗಸಿಗೆ ಮೊದಲ ಬಾರಿ ಹೊಟ್ಟೆಯುಬ್ಬರ ಶುರುವಾಗಿ ವಾರಗಟ್ಟಲೆ ಉಳಿದರೆ, ಬೇಗನೇ ಹೊಟ್ಟೆ ತುಂಬಿದಂತಾದರೆ, ಕೆಳಹೊಟ್ಟೆಯಲ್ಲಿ ನೋವಿದ್ದರೆ ಅಥವಾ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸಿದರೆ ಅಂಡಾಶಯದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ. ಅದಕ್ಕೆ ಬೇಕಾದದ್ದು ಸಿಎ-125 ಎಂಬ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್. ಐಬಿಎಸ್ ಸಾಮಾನ್ಯವಾಗಿ ಆರಂಭವಾಗುವುದು ಹರೆಯದಲ್ಲಿ. ಐವತ್ತರ ನಂತರ ಹೊಸದಾಗಿ ಕಾಣಿಸಿಕೊಂಡ ಉಬ್ಬರಕ್ಕೆ ಅದೇ ಕಾರಣವೆಂದು ಪರೀಕ್ಷಿಸದೆ ತೀರ್ಮಾನಿಸಬಾರದು. ಮಗನ ಕೆಲಸ ಹೋದದ್ದೂ ಹೊಟ್ಟೆಯುಬ್ಬರವೂ ಒಂದೇ ಸಮಯದಲ್ಲಿ ಬಂದಿವೆ ಎಂಬುದರಿಂದ ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲಾಗದು. ಹೆಚ್ಚಿನ ಸಲ ವರದಿ ಸಮಾಧಾನಕರವಾಗಿಯೇ ಬರುತ್ತದೆ. ಆದರೆ ಈ ಕ್ಯಾನ್ಸರ್ ಆರಂಭದಲ್ಲಿ ನೋವು ಕೊಡದೆ ಗ್ಯಾಸಿನ ರೂಪದಲ್ಲಿಯೇ ಅಡಗಿರುವುದರಿಂದ ಹೆಂಗಸರು ತಡವಾಗಿ ಬರುತ್ತಾರೆ. ಇಷ್ಟು ಕಟ್ಟುನಿಟ್ಟಾಗಿ ಬರೆಯಲು ಅದೇ ಕಾರಣ.

ಪ್ರಶ್ನೆ: ನಮ್ಮದು ಪೆರ್ಲದ ಕಡೆಯ ಅಡಿಕೆ ತೋಟದ ಮನೆ. ನನಗೆ 45 ವರ್ಷ. ಮನೆಯವರಿಗೆ, ಕೆಲಸದವರಿಗೆ ಬಡಿಸಿ ನಾನು ಊಟ ಮಾಡುವಾಗ ಮೂರು ಗಂಟೆಯಾಗುತ್ತದೆ. ಎದೆಯುರಿ, ಹುಳಿತೇಗು, ಸಂಜೆಯಾದರೆ ಹೊಟ್ಟೆ ಉಬ್ಬಿ ಸೀರೆಯ ಗಂಟು ಸಡಿಲಿಸಬೇಕಾಗುತ್ತದೆ. ಎರಡು ವರ್ಷದಿಂದ ದಿನವೂ ಗ್ಯಾಸಿನ ಮಾತ್ರೆ ನುಂಗುತ್ತಿದ್ದೇನೆ. ಮಂಡಿನೋವಿಗೂ ಆಗಾಗ ಮಾತ್ರೆ ತೆಗೆದುಕೊಳ್ಳುತ್ತೇನೆ. ಚಿಂತೆ ಮಾಡಿದರೆ ಅಲ್ಸರ್ ಆಗುತ್ತದೆ ಎನ್ನುತ್ತಾರೆ, ಹೌದೇ?

ಉತ್ತರ: ಚಿಂತೆಯಿಂದ ಅಲ್ಸರ್ ಆಗುತ್ತದೆಂದು ವೈದ್ಯರೂ ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಜಠರದಲ್ಲಿ ವಾಸಿಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದ ಮೇಲೆ ಆ ನಂಬಿಕೆ ಸಡಿಲಗೊಂಡಿತು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಜಠರದ ಹುಣ್ಣಿಗೆ ಮುಖ್ಯ ಕಾರಣಗಳು ಎರಡು: ಒಂದು ಈ ಬ್ಯಾಕ್ಟೀರಿಯ, ಇನ್ನೊಂದು ನೋವಿನ ಮಾತ್ರೆಗಳು. ನಮ್ಮ ದೇಶದಲ್ಲಿ ಈ ಸೋಂಕು ಬಹಳ ಸಾಮಾನ್ಯ. ನೀವು ಮಂಡಿಗಾಗಿ ನುಂಗುವುದು ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಯಾಗಿದ್ದರೆ, ಅದೂ ಖಾಲಿ ಹೊಟ್ಟೆಗೆ ಆಗಿದ್ದರೆ, ಮೊದಲು ನಿಲ್ಲಿಸಬೇಕಾದದ್ದು ಅದನ್ನು. ಮಂಡಿಗೆ ಬೇರೆ ಉಪಾಯವನ್ನು ವೈದ್ಯರಲ್ಲಿ ಕೇಳಿ.

ಒತ್ತಡಕ್ಕೂ ನಿಮ್ಮ ಎದೆಯುರಿಗೂ ಸಂಬಂಧ ಇನ್ನೊಂದು ತರದ್ದು. ಚಿಂತೆಯಿಂದ ಆಮ್ಲ ಹೆಚ್ಚಾಗಲೇಬೇಕೆಂದಿಲ್ಲ. ಅನ್ನನಾಳದ ಸೂಕ್ಷ್ಮತೆ ಹೆಚ್ಚಾಗಿ, ಮೊದಲು ಗೊತ್ತೇ ಆಗದಿದ್ದಷ್ಟು ಆಮ್ಲ ಈಗ ಉರಿಯುತ್ತದೆ. ಸಂಜೆಯ ಉಬ್ಬರವೂ ಹಾಗೆಯೇ. ಅಂಥವರನ್ನು ಸಿಟಿ ಸ್ಕ್ಯಾನ್ ಮಾಡಿ ನೋಡಿದಾಗ ಎಷ್ಟೋ ಜನರಲ್ಲಿ ವಾಯುವಿನ ಪ್ರಮಾಣ ಹೆಚ್ಚೇನೂ ಇರಲಿಲ್ಲ. ವಪೆ ಕೆಳಗೆ ಒತ್ತಿ, ಹೊಟ್ಟೆಯ ಮುಂಭಾಗದ ಸ್ನಾಯುಗಳು ಸಡಿಲಾಗಿ ಹೊಟ್ಟೆ ನಿಜವಾಗಿಯೂ ಮುಂದಕ್ಕೆ ಬಂದಿತ್ತು. ಅಂದರೆ ಸೀರೆಯ ಗಂಟು ಬಿಗಿಯಾಗುವುದು ನಿಮ್ಮ ಕಲ್ಪನೆಯಲ್ಲ, ಆದರೆ ಅದಕ್ಕೆ ಗ್ಯಾಸಿನ ಮಾತ್ರೆಯೂ ಮದ್ದಲ್ಲ. ಮೊದಲ ಉತ್ತರದಲ್ಲಿ ಹೇಳಿದ ಉಸಿರಾಟದ ಅಭ್ಯಾಸ ಇದಕ್ಕೆ ಒಳ್ಳೆಯದು.

ಗ್ಯಾಸಿನ ಮಾತ್ರೆಯ ವಿಚಾರಕ್ಕೆ ಬರುತ್ತೇನೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮುಂತಾದವು ಒಳ್ಳೆಯ ಔಷಧಿಗಳೇ. ಆದರೆ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಉರಿ ಬಂದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ನಿಮ್ಮದು ಸಸ್ಯಾಹಾರಿ ಮನೆಯಾದರೆ ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ಹಾಗೆಂದು ಇವತ್ತೇ ನಿಲ್ಲಿಸಿಬಿಟ್ಟರೆ ಆಮ್ಲ ಇಮ್ಮಡಿಯಾಗಿ ಉಕ್ಕಿಬರುವುದುಂಟು, ಆದ್ದರಿಂದ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಿ. ಪೈಲೋರಿಗೆ ಮಲ ಅಥವಾ ಉಸಿರಿನ ಪರೀಕ್ಷೆಯಿದೆ. ಪರೀಕ್ಷೆಗೆ ಎರಡು ವಾರ ಮೊದಲು ಈ ಮಾತ್ರೆ ನಿಲ್ಲಿಸದಿದ್ದರೆ ಸೋಂಕಿದ್ದರೂ ಇಲ್ಲವೆಂದು ಬರಬಹುದು. ಇದನ್ನು ಪ್ರಯೋಗಾಲಯದಲ್ಲಿ ಯಾರೂ ಹೇಳದೆ ಇರುವುದುಂಟು, ನೀವೇ ನೆನಪಿಟ್ಟುಕೊಳ್ಳಿ. ಎದೆಯುರಿ ಗುಡ್ಡ ಹತ್ತುವಾಗ, ನೀರು ಸೇದುವಾಗ ಬಂದು ಕುಳಿತರೆ ಹೋಗುವಂತಿದ್ದರೆ, ಬೆವರು, ಏದುಸಿರು ಜೊತೆಗಿದ್ದರೆ ಅದು ಹೃದಯದ್ದಾಗಿರಬಹುದು, ಇಸಿಜಿ ಮಾಡಿಸಿ. ಹೆಂಗಸರ ಹೃದಯಾಘಾತ ಎಷ್ಟೋ ಸಲ ಮೇಲುಹೊಟ್ಟೆಯ ಸಂಕಟವಾಗಿಯೇ ಕಾಣಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಮೂರು ಗಂಟೆಯ ಊಟದ ಬಗ್ಗೆ ಹೇಳಬೇಕಾಗಿದೆ. ನಮ್ಮ ತೋಟದ ಮನೆಗಳಲ್ಲಿ ಹೆಂಗಸರ ಮಧ್ಯಾಹ್ನ ಹೇಗಿರುತ್ತದೆಂದು ನನಗೆ ಗೊತ್ತು. ಹತ್ತು ಗಂಟೆಗೆ ಕೆಲಸದವರಿಗೆ ಚಹಾ ತಿಂಡಿ, ಹನ್ನೆರಡೂವರೆಗೆ ಅನ್ನ ಬಾಗಿಸಿ, ಒಂದು ಗಂಟೆಗೆ ಒಂದು ಪಂಕ್ತಿ, ಎರಡಕ್ಕೆ ಇನ್ನೊಂದು. ನಡುವೆ ಹಸಿವು ಗೊತ್ತಾಗದಿರಲೆಂದು ಬಾಯಿಗೊಂದು ವೀಳ್ಯ. ಕೊನೆಗೆ ಪಾತ್ರೆಯ ತಳದಲ್ಲಿ ಉಳಿದ ಸಾಂಬಾರಿಗೆ ಅನ್ನ ಕಲಸಿಕೊಂಡು ಒಲೆಯ ಬದಿಯಲ್ಲಿ ನಿಂತೇ ನಾಲ್ಕು ತುತ್ತು. ಏಳು ಗಂಟೆ ಖಾಲಿಯಿದ್ದ ಹೊಟ್ಟೆಗೆ ಅವಸರದಲ್ಲಿ, ಗಾಳಿ ನುಂಗುತ್ತ ಸುರಿದ ಊಟ ಅದು. ಹನ್ನೊಂದು ಗಂಟೆಗೆ ಒಂದು ಬಟ್ಟಲು ಗಂಜಿ, ಇಲ್ಲವೇ ಒಂದು ಬಾಳೆಹಣ್ಣು ಮಜ್ಜಿಗೆ, ಕುಳಿತು ತೆಗೆದುಕೊಳ್ಳಿ. ಊಟವನ್ನು ಮೊದಲ ಪಂಕ್ತಿಯವರ ಜೊತೆಯಲ್ಲಿಯೇ ಮುಗಿಸಿ. ಬಡಿಸುವವರು ಯಾರೆಂದು ಕೇಳಬೇಡಿ, ಪಾತ್ರೆಗಳನ್ನು ನಡುವೆ ಇಟ್ಟರೆ ಬಡಿಸಿಕೊಳ್ಳಲು ಎಲ್ಲರಿಗೂ ಕೈಗಳಿವೆ. ಈ ಮಾತನ್ನು ನಿಮ್ಮ ಯಜಮಾನರೂ ಓದಬೇಕೆಂದೇ ಬರೆಯುತ್ತಿದ್ದೇನೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ, ಎಡಮಗ್ಗುಲಾಗಿ ಮಲಗಿ. ಎಲೆಅಡಿಕೆಯನ್ನು ಬಿಡಿ. ಅಡಿಕೆಯಿಂದಲೇ ಬದುಕುವ ನಮ್ಮ ಊರಿನಲ್ಲಿ ಇದನ್ನು ಹೇಳುವುದು ಕಷ್ಟ. ಆದರೆ ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ.

ಪ್ರಶ್ನೆ: ನಾನು ಕಾಸರಗೋಡಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಮುಟ್ಟಿನ ಮೊದಲ ಎರಡು ದಿನ ಭೇದಿಯಾಗುತ್ತದೆ, ಅದಕ್ಕೆ ಮೊದಲಿನ ವಾರ ಮಲಬದ್ಧತೆ. ಪರೀಕ್ಷೆಯ ಸಮಯದಲ್ಲಿ ಇನ್ನೂ ಜಾಸ್ತಿ. ಏನಾದರೂ ದೋಷವೇ?

ಉತ್ತರ: ದೋಷವಲ್ಲ, ತಂಗೀ. ಮುಟ್ಟಿನ ಮೊದಲಿನ ದಿನಗಳಲ್ಲಿ ಪ್ರೊಜೆಸ್ಟರೋನ್ ಹಾರ್ಮೋನು ಕರುಳನ್ನು ನಿಧಾನಗೊಳಿಸುತ್ತದೆ. ಮುಟ್ಟು ಶುರುವಾದಾಗ ಗರ್ಭಕೋಶವನ್ನು ಸಂಕುಚಿಸಲು ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಪಕ್ಕದ ಕರುಳನ್ನೂ ಸಂಕುಚಿಸುತ್ತವೆ, ಅದರಿಂದ ಭೇದಿ. ಪರೀಕ್ಷೆಯ ಆತಂಕ ಅದಕ್ಕೆ ಸೇರಿಕೊಳ್ಳುತ್ತದೆ. ಆ ದಿನಗಳಲ್ಲಿ ಗಂಜಿ, ಮಜ್ಜಿಗೆ, ಎಳನೀರು ಸಾಕು. ಕರಿದ ತಿಂಡಿ, ಹೆಚ್ಚು ಕಾಫಿ ಬೇಡ. ಆದರೆ ಮುಟ್ಟಿನ ದಿನಗಳಲ್ಲಿ ಮಲವಿಸರ್ಜಿಸುವಾಗ ತೀವ್ರವಾದ ನೋವಿದ್ದರೆ, ನೋವಿನಿಂದ ಕಾಲೇಜು ತಪ್ಪುತ್ತಿದ್ದರೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇರಬಹುದೇ ಎಂದು ಸ್ತ್ರೀರೋಗ ತಜ್ಞರಲ್ಲಿ ಕೇಳಬೇಕು. ಮದುವೆಯಾಗದ ಹುಡುಗಿ ಸ್ತ್ರೀರೋಗ ತಜ್ಞರಲ್ಲಿಗೆ ಹೋಗುವುದೇ ಎಂದು ಮನೆಯಲ್ಲಿ ಹಿಂಜರಿದರೆ ಈ ಪುಟವನ್ನು ತೋರಿಸು.

ಪ್ರಶ್ನೆ: ಎಣ್ಮಕಜೆಯ ಕಡೆಯಿಂದ ಬರೆಯುತ್ತಿದ್ದೇನೆ. ನನಗೆ 50 ವರ್ಷ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿರುವ ಮಗ ಹುಟ್ಟಿದಂದಿನಿಂದ ಹಾಸಿಗೆಯಲ್ಲಿದ್ದಾನೆ. ಅವನಿಗೆ ಊಟ ಮಾಡಿಸಿ, ಶುಚಿ ಮಾಡಿ, ಮಗ್ಗುಲು ಬದಲಿಸುವುದರಲ್ಲಿ ದಿನ ಹೋಗುತ್ತದೆ. ನನಗೆ ನಾಲ್ಕು ದಿನಕ್ಕೊಮ್ಮೆ ಮಲವಿಸರ್ಜನೆ, ಅದೂ ಬಹಳ ತಿಣುಕಿದ ಮೇಲೆ. ಬೆಳಗ್ಗೆ ಹೋಗಬೇಕೆನಿಸಿದರೂ ಅವನನ್ನು ಬಿಟ್ಟು ಹೋಗಲಾಗದೆ ತಡೆದುಕೊಳ್ಳುತ್ತೇನೆ. ಕಬ್ಬಿಣದ ಮಾತ್ರೆಯೂ ಇದೆ. ಅಂಗಡಿಯ ಚೂರ್ಣ ಈಗ ಕೆಲಸ ಮಾಡುವುದಿಲ್ಲ.

ಉತ್ತರ: ಅಮ್ಮ, ನಿಮ್ಮ ಪತ್ರದಲ್ಲಿ ನಿಮ್ಮ ಬಗ್ಗೆ ಇರುವುದು ಕೊನೆಯ ನಾಲ್ಕು ಸಾಲು ಮಾತ್ರ, ಉಳಿದ ಎರಡು ಪುಟ ಮಗನ ಬಗ್ಗೆ. ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ್ದರ ಭಾರವನ್ನು ಈ ಹಳ್ಳಿಗಳಲ್ಲಿ ದಿನವೂ ಹೊರುತ್ತಿರುವವರು ನಿಮ್ಮಂಥ ತಾಯಂದಿರು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ತಡೆದರೂ ನಿಮ್ಮ ಮನೆಯ ಕೆಲಸ ಕಡಿಮೆಯಾಗಲಿಲ್ಲ. ಆದ್ದರಿಂದ ನಿಮ್ಮ ಹೊಟ್ಟೆಯ ಚಿಕಿತ್ಸೆಯನ್ನು ನಿಮ್ಮ ದಿನಚರಿಯ ಒಳಗಿಂದಲೇ ಹುಡುಕಬೇಕು.

ನಿಮ್ಮ ತೊಂದರೆಯ ಮೂಲ ತಡೆದುಕೊಳ್ಳುವುದರಲ್ಲಿದೆ. ಮಲ ಗುದನಾಳಕ್ಕೆ ಇಳಿದಾಗ ಬರುವ ಶೌಚದ ತುಡಿತವನ್ನು ತಡೆದರೆ ಅದು ಸ್ವಲ್ಪ ಹೊತ್ತಿನಲ್ಲಿ ಅಡಗುತ್ತದೆ. ಮಲ ಅಲ್ಲಿಯೇ ಉಳಿದು ನೀರು ಕಳೆದುಕೊಂಡು ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಗುದನಾಳ ಹಿಗ್ಗಿ ಸಂವೇದನೆಯೇ ಕುಗ್ಗುತ್ತದೆ, ಹೋಗಬೇಕೆನಿಸುವುದೇ ಅಪರೂಪವಾಗುತ್ತದೆ. ಬೀಡಿ ಕಟ್ಟುವ, ಅಂಗಡಿಯಲ್ಲಿ ನಿಲ್ಲುವ, ಬಸ್ಸಿನಲ್ಲಿ ದೂರ ಹೋಗುವ ಹೆಂಗಸರು ಶೌಚಾಲಯವಿಲ್ಲವೆಂದು ನೀರನ್ನೂ ಕುಡಿಯದೆ ಇದೇ ತೊಂದರೆಗೆ ಒಳಗಾಗುತ್ತಾರೆ. ಬೆಳಗ್ಗೆ ತಿಂಡಿಯಾದ ಅರ್ಧ ಗಂಟೆಯ ಒಳಗೆ ಹತ್ತು ನಿಮಿಷವನ್ನು ನಿಮಗಾಗಿ ಗೊತ್ತುಮಾಡಿಕೊಳ್ಳಿ. ಅದಕ್ಕೆ ಯಾರಾದರೊಬ್ಬರು ಮಗನ ಬಳಿ ಕುಳಿತಿರಬೇಕು. ನೆರೆಮನೆಯವರೋ ಕುಟುಂಬಶ್ರೀ ಮಹಿಳಾ ಸಂಘದ ಗೆಳತಿಯೋ ಆಗಬಹುದು. ಹತ್ತು ನಿಮಿಷ ಕೇಳಲು ಸಂಕೋಚಪಡಬೇಡಿ. ಹೋಗಬೇಕೆನಿಸಲಿ ಅನಿಸದಿರಲಿ, ಆ ಹೊತ್ತಿಗೆ ಹೋಗಿ ಕುಳಿತುಕೊಳ್ಳಿ, ತಿಣುಕಬೇಡಿ. ಮಗನಿಗಾಗಿ ಕುರ್ಚಿಯಂಥ ಕಮೋಡ್ ಹಾಕಿಸಿ ನೀವೂ ಅದನ್ನೇ ಬಳಸುತ್ತಿದ್ದರೆ, ಪಾದಗಳ ಕೆಳಗೆ ಒಂದು ಗೇಣು ಎತ್ತರದ ಮಣೆ ಇಟ್ಟುಕೊಳ್ಳಿ. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದರೆ ಗುದನಾಳದ ಬಾಗು ನೇರವಾಗುತ್ತದೆ.

ಇಸಬ್‌ಗೋಲನ್ನು ರಾತ್ರಿ ಒಂದೆರಡು ಚಮಚ ತೆಗೆದುಕೊಳ್ಳಬಹುದು, ಆದರೆ ದೊಡ್ಡ ಲೋಟ ನೀರಿನ ಜೊತೆ ಮಾತ್ರ. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅಂಗಡಿಯ ಚೂರ್ಣಗಳಲ್ಲಿ ಹೆಚ್ಚಿನವುಗಳಲ್ಲಿ ಸೋನಾಮುಖಿ ಇರುತ್ತದೆ, ಪ್ರಮಾಣವನ್ನು ನೀವಾಗಿಯೇ ಏರಿಸುತ್ತ ಹೋಗಬೇಡಿ. ಅದರ ಬದಲು ಮಲದಲ್ಲಿ ನೀರನ್ನು ಹಿಡಿದಿಡುವ ಲ್ಯಾಕ್ಟುಲೋಸ್‌ನಂಥ ಔಷಧಿಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದೂ ಗಟ್ಟಿಯಾಗುವುದೂ ಉಂಟು. ಅದನ್ನು ನಿಲ್ಲಿಸಬೇಡಿ, ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರಲ್ಲಿ ವಿಚಾರಿಸಿ. ನಿಮ್ಮ ವಯಸ್ಸಿಗೆ ರಕ್ತಹೀನತೆ ಏಕೆ ಬಂತೆಂಬುದನ್ನೂ ಅವರು ನೋಡಬೇಕು: ಮುಟ್ಟಿನ ಹೆಚ್ಚಿನ ಸ್ರಾವವೇ, ಕರುಳಿನಿಂದ ರಕ್ತ ಹೋಗುತ್ತಿದೆಯೇ? ಥೈರಾಯ್ಡ್ ಕಡಿಮೆಯಿದ್ದರೂ ಮಲಬದ್ಧತೆಯಾಗುತ್ತದೆ, ಟಿಎಸ್‌ಎಚ್ ಪರೀಕ್ಷೆಯೂ ಇರಲಿ. ಹರಿವೆ, ಬಸಳೆ, ಹೆಸರುಕಾಳು, ಪಪ್ಪಾಯಿ ನಿಮ್ಮ ಹಿತ್ತಿಲಿನಲ್ಲಿಯೇ ಸಿಗುವಂಥವು; ಮಗನಿಗೆ ಬೇಯಿಸುವಾಗ ನಿಮಗೂ ಒಂದು ಪಾಲು ತೆಗೆದಿಡಿ.

ಕೇರಳ 2008ರಲ್ಲಿಯೇ ಸಾಂತ್ವನ ಚಿಕಿತ್ಸೆಗೆ ನೀತಿ ರೂಪಿಸಿದ ರಾಜ್ಯ, ಪಂಚಾಯತಿನ ಪಾಲಿಯೇಟಿವ್ ತಂಡದ ದಾದಿ ಮನೆಗೇ ಬರುತ್ತಾರೆ. ಅವರು ಮಗನನ್ನು ನೋಡಲು ಬಂದ ದಿನ ನಿಮ್ಮ ತೊಂದರೆಯನ್ನೂ ಹೇಳಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಸರಕಾರಿ ಸಹಾಯಧನ ಯೋಜನೆಯಿದೆ, ಅರ್ಜಿ ಹಾಕಿದ್ದೀರೋ ಇಲ್ಲವೋ ಅಂಗನವಾಡಿಯಲ್ಲಿ ವಿಚಾರಿಸಿ. ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಬದುಕೇ ಸಾಕೆನಿಸುವ ದಿನಗಳಿದ್ದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆ, ಹಣ ಕೊಡಬೇಕಾಗಿಲ್ಲ, ಕನ್ನಡವನ್ನೂ ಆರಿಸಿಕೊಳ್ಳಬಹುದು. ಖಿನ್ನತೆಯೂ ಕರುಳನ್ನು ನಿಧಾನಗೊಳಿಸುವುದರಿಂದ ಇದನ್ನು ಹೊಟ್ಟೆಯ ಉತ್ತರದಲ್ಲಿಯೇ ಸೇರಿಸಿ ಬರೆದಿದ್ದೇನೆ.

ಪ್ರಶ್ನೆ: ಐಬಿಎಸ್‌ಗೆ ಮಂಗಳೂರಿನ ವೈದ್ಯರು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದಿದ್ದಾರೆ. ಅದು ಮಾನಸಿಕ ರೋಗಿಗಳಿಗೆ ಕೊಡುವ ಮಾತ್ರೆ ಎಂದು ಗೊತ್ತಾಗಿ ಯಜಮಾನರು ಬೇಡವೆಂದರು. ನನಗೂ ಹೆದರಿಕೆಯಾಗಿದೆ. (ಕುಂಬಳೆ)

ಉತ್ತರ: ಖಿನ್ನತೆಗೆ ಇದೇ ಔಷಧಿಯನ್ನು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರಮಾಣದಲ್ಲಿ ಕೊಡುತ್ತಾರೆ. 10 ಮಿಲಿಗ್ರಾಂ ಕೊಡುವುದು ಕರುಳಿನಿಂದ ಮಿದುಳಿಗೆ ಹೋಗುವ ನೋವಿನ ಸಂಕೇತಗಳನ್ನು ತಗ್ಗಿಸುವುದಕ್ಕೆ. ಐಬಿಎಸ್ ಇರುವವರ ಕರುಳಿನಲ್ಲಿ ಸಣ್ಣ ಬಲೂನನ್ನು ಉಬ್ಬಿಸಿ ನೋಡಿದ 1970ರ ದಶಕದ ಪ್ರಯೋಗಗಳಿಂದಲೇ ಒಂದು ವಿಷಯ ತಿಳಿದಿದೆ: ಉಳಿದವರಿಗೆ ನೋವೇ ಅನಿಸದಷ್ಟು ಹಿಗ್ಗುವಿಕೆ ಇವರಿಗೆ ನೋಯುತ್ತದೆ. ಈ ಮಾತ್ರೆ ಕೆಲಸ ಮಾಡುವುದು ಆ ಸೂಕ್ಷ್ಮತೆಯ ಮೇಲೆ. 2023ರಲ್ಲಿ ಬ್ರಿಟನ್ನಿನಲ್ಲಿ ಸಾಮಾನ್ಯ ವೈದ್ಯರ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ವರದಿ ಬಂದಿದೆ. 10ರಿಂದ 30 ಮಿಲಿಗ್ರಾಂ ಪ್ರಮಾಣದಲ್ಲಿ ಇದು ಔಷಧಿಯ ಅಂಶವಿಲ್ಲದ ಹುಸಿಮಾತ್ರೆಗಿಂತ ಸ್ಪಷ್ಟವಾಗಿ ಹೆಚ್ಚು ಪರಿಣಾಮಕಾರಿಯಾಗಿತ್ತು.

ರಾತ್ರಿ ಮಲಗುವ ಮೊದಲು ತೆಗೆದುಕೊಳ್ಳಿ. ಮೊದಲ ಕೆಲವು ದಿನ ಬಾಯಿ ಒಣಗುವುದು, ಬೆಳಗ್ಗೆ ಮಂಪರು ಇರುವುದು ಸಹಜ, ನಿಧಾನವಾಗಿ ಕಡಿಮೆಯಾಗುತ್ತದೆ. ಇದು ಮಲವನ್ನು ತುಸು ಗಟ್ಟಿಮಾಡುವುದರಿಂದ ಭೇದಿಯಿರುವವರಿಗೆ ಅನುಕೂಲ. ನಿಮ್ಮದು ಮಲಬದ್ಧತೆಯ ತರದ್ದಾಗಿದ್ದರೆ ವೈದ್ಯರಿಗೆ ತಿಳಿಸಿ. ಹೃದಯದ ಲಯದ ತೊಂದರೆ, ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾ ಇದ್ದರೆ, ಗರ್ಭಿಣಿಯಾಗುವ ಯೋಚನೆಯಿದ್ದರೆ ಅದನ್ನೂ ಮೊದಲೇ ಹೇಳಬೇಕು. ವಾರದೊಳಗೆ ನೋವು ಹೋಗಲಿಲ್ಲವೆಂದು ಬಿಡಬೇಡಿ, ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ನೋವು ಬಂದ ದಿನ, ಶೌಚಕ್ಕೆ ಹೋದ ಸಲ, ಆ ದಿನದ ಊಟ, ಮುಟ್ಟಿನ ದಿನಾಂಕ ಇವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡಿ. ಮುಂದಿನ ಸಲ ಮಂಗಳೂರಿಗೆ ಹೋಗಲಾಗದೆ ಕಾಸರಗೋಡಿನಲ್ಲಿಯೇ ತೋರಿಸಬೇಕಾಗಿ ಬಂದು, ಮಲಯಾಳದಲ್ಲಿ ಎಲ್ಲವನ್ನೂ ವಿವರಿಸುವುದು ಕಷ್ಟವಾದರೆ, ಓದಿ ಹೇಳಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಆ ಪುಸ್ತಕವನ್ನು ಅವರ ಕೈಗೆ ಕೊಡಿ. ಪ್ರಮಾಣವನ್ನು ಏರಿಸಬೇಕೋ ನಿಲ್ಲಿಸಬೇಕೋ ಎಂಬುದನ್ನು ಅದರಲ್ಲಿರುವ ಆರು ವಾರಗಳ ಲೆಕ್ಕ ನೋಡಿ ವೈದ್ಯರು ನಿರ್ಧರಿಸುತ್ತಾರೆ.